ನೇರಳೆ ಪಟ್ಟೆ ಬಿದ್ದ ಜಲಪಾತ

“ಈ ಫೋಟೋ ತೆಗೆದದ್ದು ನೀವೇನಾ?”

ಜಗನ್ಮೋಹನ್ ನನ್ನ ಕೈಯಲ್ಲಿದ್ದ ಪ್ರಿಂಟಿನ ಕಡೆ ಸರಿಯಾಗಿ ನೋಡಲೂ ಇಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹಳೆಯ ಲಾರಿಯ ಹೆಡ್‌ಲೈಟೊಂದನ್ನು ಒರೆಸುತ್ತಲೇ ಇದ್ದ. “ಕೆಳಗೆ ನನ್ನ ಹೆಸರಿದೆಯಲ್ಲ ಮೇಡಂ ಗಾರು. ಇನ್ಯಾರು ತೆಗೀತಾರೆ?” ಎಂದ ತೆಲುಗಿನಲ್ಲಿ.

ವಿಜಯವಾಡದ ಆಟೋನಗರ್‌ನಲ್ಲಿ ಮೆತ್ತಗೆ ಮಾತಾಡಿದರೆ ಕೇಳಿಸುವುದಿಲ್ಲ. ಎದುರಿನ ಶೆಡ್ಡಿನಲ್ಲಿ ಲಾರಿಯ ಬಾಡಿಯ ಮೇಲೆ ಸುತ್ತಿಗೆ ಏಟು, ಪಕ್ಕದಲ್ಲಿ ವೆಲ್ಡಿಂಗು. ಪುಣ್ಯಕ್ಕೆ ನನ್ನದು ವಿಶಾಖಪಟ್ಟಣದ ಉಕ್ಕಿನ ಪ್ಲಾಂಟಿನ ಟೌನ್‌ಶಿಪ್ ಶಾಲೆಯಲ್ಲಿ ವರ್ಷಾನುಗಟ್ಟಲೆ ಗಣಿತ ಹೇಳಿ ಪಳಗಿದ ಗಂಟಲು. ವೇದವತಿ ಮಿಸ್ ಬಾಯಿ ತೆಗೆದರೆ ಆಟದ ಮೈದಾನದ ಆಚೆ ತುದಿಗೂ ಕೇಳಿಸುತ್ತದೆ ಎಂದು ಹುಡುಗರೇ ಹೇಳುತ್ತಿದ್ದರು.

“ಹಾಗಾದರೆ ಬಟ್ಟೆ ಕೆಳಗಿಡಿ, ಫೋಟೋ ನೋಡಿ, ಆಮೇಲೆ ಹೇಳಿ” ಎಂದೆ.

ನಮ್ಮ ಫೋಟೋ ಸಂಘದ ಶಿವಲಿಂಗಪ್ಪನವರನ್ನು ಎರ್ರಮಾಮಿಡಿ ಜಲಪಾತ ನುಂಗಿತೆಂದು ನಂಬಿ, ವಿಶಾಖಪಟ್ಟಣದ ನಾವೆಲ್ಲ ಅತ್ತು ಮಣ್ಣು ಮಾಡಿ ಬಂದ ಮೇಲೆ ಈ ಫೋಟೋ ನನ್ನ ಕಣ್ಣಿಗೆ ಬಿದ್ದಿತ್ತು.

ಅವರ ಮಗಳು ಸಿಂಧೂರ ಹೊರಗೆ ಕಾರಿನಲ್ಲಿ ಕೂತಿದ್ದಳು. ಒಳಗೆ ಬರುತ್ತೇನೆಂದು ಹಟ ಹಿಡಿದವಳನ್ನು ನಾನೇ ಗದರಿ ಕೂರಿಸಿದ್ದೆ. ಜೊತೆಗೆ ರಚನಾ ಇದ್ದಳು. ನೌಕಾಪಡೆಯ ಪೃಥ್ವೀರಾಜನ ಹೆಂಡತಿ, ನಮ್ಮ ಹಾಸನದ ಕಡೆಯ ಹುಡುಗಿ. ಗಂಡ ಹಡಗಿನಲ್ಲಿ ಹೋಗಿದ್ದಾನೆ, ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದು ಬೆಳಗ್ಗೆ ತಾನೇ ಕಾರು ತೆಗೆದು, ವಿಶಾಖಪಟ್ಟಣದಿಂದ ಇಲ್ಲಿಯವರೆಗೂ ತಾನೇ ಓಡಿಸಿಕೊಂಡು ಬಂದಿದ್ದಳು.

ಜಗನ್ಮೋಹನ್ ಫೋಟೋ ನೋಡಿದ. ನೋಡಿದವನ ಮುಖದಲ್ಲಿ ಹೆಮ್ಮೆ ಇರಲಿಲ್ಲ. ತಾವು ತೆಗೆದ ಫೋಟೋವನ್ನು ನೋಡುವವರ ಮುಖ ನನಗೆ ಗೊತ್ತು, ಮೊಮ್ಮಗುವನ್ನು ನೋಡಿದ ಹಾಗೆ ನೋಡುತ್ತಾರೆ. ಇವನು ಬೇರೆಯವರ ಚಪ್ಪಲಿ ಹಾಕಿಕೊಂಡು ಸಿಕ್ಕಿಬಿದ್ದವನ ಹಾಗೆ ನೋಡಿದ.

“ಹೌದು. ನಾನೇ.”

ಇಲ್ಲಿ ಸ್ವಲ್ಪ ನಮ್ಮ ಹುಚ್ಚಿನ ವಿಷಯ ಹೇಳಬೇಕು. ರಜೆ ಸಿಕ್ಕಿತೆಂದರೆ ಬ್ಯಾಗು ಹೊತ್ತು ಯಾವುದಾದರೂ ಜಲಪಾತದ ಬುಡಕ್ಕೆ ಹೋಗುವ ಹವ್ಯಾಸಿಗಳು ನಾವು. ಕ್ಯಾಮೆರಾವನ್ನು ಟ್ರೈಪಾಡಿಗೆ ಬಿಗಿದು, ಲೆನ್ಸಿನ ಮುಂದೆ ಕಪ್ಪು ಫಿಲ್ಟರ್ ಹಾಕಿ, ಅದರ ಕಣ್ಣನ್ನು ನಿಮಿಷಗಟ್ಟಲೆ ತೆರೆದಿಡುತ್ತೇವೆ. ಆಗ ಬೀಳುವ ನೀರು ಹನಿಹನಿಯಾಗಿ ಬರುವುದಿಲ್ಲ, ಹಾಲಿನ ಕೆನೆಯ ಹಾಗೆ ನುಣ್ಣಗೆ ಬರುತ್ತದೆ.

ಆದರೆ ಒಂದು ಎಚ್ಚರ ಬೇಕು. ನಾವು ಕಣ್ಣಿಟ್ಟು ನೋಡುವ ಕಿಂಡಿ ಕ್ಯಾಮೆರಾದ ಹಿಂದುಗಡೆ ಇರುತ್ತದಲ್ಲ, ಅದನ್ನು ಅಷ್ಟು ಹೊತ್ತೂ ಮುಚ್ಚಿಡಬೇಕು. ಮುಚ್ಚದಿದ್ದರೆ ಬೆನ್ನ ಕಡೆಯ ಬೆಳಕು ಅಲ್ಲಿಂದ ನುಸುಳಿ ಫೋಟೋದ ಮೇಲೆ ನೇರಳೆ ಬಣ್ಣದ ಪಟ್ಟೆ ಬಳಿದುಬಿಡುತ್ತದೆ. ಹೊಸದರಲ್ಲಿ ಎಲ್ಲರೂ ಮಾಡುವ ತಪ್ಪು ಅದು. ಎರಡು ಫೋಟೋ ಹಾಳಾದ ಮೇಲೆ ಯಾರೂ ಮಾಡುವುದಿಲ್ಲ.

ಶಿವಲಿಂಗಪ್ಪನವರು ಮಾತ್ರ ಕೊನೆಯವರೆಗೂ ಮಾಡಿದರು. ದಾವಣಗೆರೆಯ ಮನುಷ್ಯ, ಉಕ್ಕಿನ ಪ್ಲಾಂಟಿನಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಹಟ ಅಂದರೆ ಹಟ. “ಕಣ್ಣಿಗೆ ಬಟ್ಟೆ ಕಟ್ಟಾಕೆ ಅದೇನು ಗಾಂಧಾರಿ ಏನ್ರೀ ಮೇಡಂ?” ಎಂದು ನನ್ನನ್ನೇ ಅಣಕಿಸುತ್ತಿದ್ದರು. ಅವರ ಒಂದೊಂದು ಫೋಟೋದಲ್ಲೂ ಬಲಗಡೆ ಮೂಲೆಯಲ್ಲಿ ಆ ಪಟ್ಟೆ. ಸಂಘದಲ್ಲಿ ನಾವೆಲ್ಲ ಅದಕ್ಕೆ ಶಿವಲಿಂಗಪ್ಪನವರ ವಿಭೂತಿ ಎಂದೇ ಹೆಸರಿಟ್ಟಿದ್ದೆವು.

ಮೊನ್ನೆ ವಿಶಾಖಪಟ್ಟಣದ ದ್ವಾರಕಾ ನಗರದ ಹಾಲ್‌ನಲ್ಲಿ ನಮ್ಮ ಫೋಟೋ ಸಂಘದ ಸ್ಪರ್ಧೆಗೆ ಬಂದ ಪ್ರಿಂಟುಗಳನ್ನು ಗೋಡೆಗೆ ಆನಿಸಿ ನೋಡುತ್ತಿದ್ದೆ. ಒಂದರ ಮುಂದೆ ಕಾಲು ನಿಂತವು. ಒಡಿಶಾ ಗಡಿಯ ಒಂದು ಜಲಪಾತ, ಬಲಗಡೆ ಮೂಲೆಯಲ್ಲಿ ವಿಭೂತಿ. ಹಳೆಯ ಫೋಟೋ ಇರಬಹುದು ಅಂದುಕೊಳ್ಳೋಣವೆಂದರೆ, ನೀರಿಗೆ ಅಡ್ಡಲಾಗಿ ದೊಡ್ಡದೊಂದು ಮರ ಬಿದ್ದಿತ್ತು. ಆ ಮರ ಉರುಳಿದ್ದು ಈಚಿನ ತುಫಾನಿಗೆ, ಪೇಪರಿನಲ್ಲೆಲ್ಲ ಬಂದಿತ್ತು. ತುಫಾನು ಬಂದದ್ದು ಶಿವಲಿಂಗಪ್ಪನವರನ್ನು ಮಣ್ಣು ಮಾಡಿದ ಮೇಲೆ.

ಇವತ್ತು ಬೆಳಗ್ಗೆ, ಆ ಸಾವಿನ ಕೇಸು ನೋಡುತ್ತಿದ್ದ ಇನ್‌ಸ್ಪೆಕ್ಟರ್ ಸೂರ್ಯಪ್ರಕಾಶರಿಗೆ ಫೋನು ಮಾಡಿ ಹೇಳಿದೆ. ಅವರ ಲೆಕ್ಕ ಬೇರೆ. ಶಿವಲಿಂಗಪ್ಪನವರು ಕಾಣೆಯಾದ ದಿನ ಘಾಟ್ ರಸ್ತೆಯ ಟೀ ಅಂಗಡಿಯಲ್ಲಿ ಅವರಿಗೂ ಜಗನ್ಮೋಹನ್‌ಗೂ ಜಗಳವಾದದ್ದನ್ನು ನೋಡಿದವರಿದ್ದರು. ಸತ್ತವರ ಕ್ಯಾಮೆರಾ ಎಲ್ಲೂ ಸಿಕ್ಕಿರಲಿಲ್ಲ. “ಕೊಂದವನು ಕ್ಯಾಮೆರಾ ಹೊತ್ತುಕೊಂಡು ಹೋಗಿದ್ದಾನೆ ಮೇಡಂ. ಕ್ಯಾಮೆರಾ ಕೆಟ್ಟಿದೆ, ಪಟ್ಟೆ ಬೀಳುತ್ತೆ, ಅಷ್ಟೆ. ನಾಳೆ ಹೋಗಿ ಎತ್ತಾಕ್ಕೊಂಡು ಬರ್ತೀನಿ” ಎಂದರು.

ಅಷ್ಟೆ ಅಲ್ಲ ಎಂದು ನನಗೆ ಗೊತ್ತಿತ್ತು. ಕಾಯಿಲೆ ಕ್ಯಾಮೆರಾದ್ದಲ್ಲ, ಮನುಷ್ಯನದು. ಅದಕ್ಕೇ ನಾಳೆಯವರೆಗೆ ಕಾಯದೆ ಇವತ್ತೇ ಓಡಿ ಬಂದಿದ್ದೆ. ನನ್ನ ಮುಂದೆ ಕೂತವನು ಕೊಲೆಗಾರ, ಇಲ್ಲವೆ ಸಿಂಧೂರಳ ಅಪ್ಪ ಬದುಕಿದ್ದಾರೆ. ಎರಡರಲ್ಲಿ ಒಂದು. ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಆಸೆ ಹೆದರಿಕೆಗಿಂತ ದೊಡ್ಡದಾಗಿತ್ತು.

“ಜಗನ್ಮೋಹನ್ ಗಾರು, ನಿಮ್ಮ ಫೋಟೋಗೆ ಬಹುಮಾನ ಕೊಡೋಣ ಅಂತಿದೀವಿ. ಆದರೆ ಒಂದು ನಿಯಮ ಇದೆ. ಗೆದ್ದವರು ನಮ್ಮೆದುರಿಗೆ ಒಂದು ಫೋಟೋ ತೆಗೆದು ತೋರಿಸಬೇಕು.”

ಅಂಥ ನಿಯಮ ಯಾವುದೂ ಇರಲಿಲ್ಲ. ಆ ಕ್ಷಣಕ್ಕೆ ಹುಟ್ಟಿದ್ದು.

ಬಹುಮಾನ ಎಂದದ್ದೇ ಅವನ ಕಣ್ಣು ಅರಳಿದವು. ಪಾಪ, ಮೂರು ವರ್ಷದಿಂದ ಫೋಟೋ ಕಳಿಸುತ್ತಲೇ ಇದ್ದ, ಒಂದು ಸಮಾಧಾನಕರ ಬಹುಮಾನವೂ ಬಂದಿರಲಿಲ್ಲ.

“ಇಲ್ಲಿ ಜಲಪಾತ ಎಲ್ಲಿಂದ ತರಲಿ?”

ರಸ್ತೆಯಾಚೆಯ ಶೆಡ್ಡು ತೋರಿಸಿದೆ. ಎತ್ತರದಲ್ಲಿ ಕೂತ ವೆಲ್ಡರ್‌ನ ಕೈಯಿಂದ ಕಿಡಿಗಳು ಧಾರೆಯಾಗಿ ಕೆಳಗೆ ಸುರಿಯುತ್ತಿದ್ದವು. “ಅದೂ ಬೀಳುತ್ತಲ್ಲ. ತೆಗೀರಿ.”

ನನ್ನದೇ ಕ್ಯಾಮೆರಾ, ನನ್ನದೇ ಟ್ರೈಪಾಡು ಕೊಟ್ಟೆ. ಶಿವಲಿಂಗಪ್ಪನವರದೂ ಅದೇ ಮಾಡೆಲ್, ಇಬ್ಬರೂ ಒಟ್ಟಿಗೆ ಹೋಗಿ ತಂದದ್ದು. ಕ್ಯಾಮೆರಾ ಕೈಗೆ ಬಂದದ್ದೇ ಅವನು ಬೇರೆ ಮನುಷ್ಯನಾದ. ಅಂಗಡಿ ಮರೆತ, ನನ್ನನ್ನು ಮರೆತ. ಟ್ರೈಪಾಡಿನ ಕಾಲು ಅಗಲಿಸಿ ನೆಲಕ್ಕೆ ಒತ್ತಿ ನೋಡಿದ. ಬಗ್ಗಿ ಕಿಂಡಿಯಲ್ಲಿ ಕಣ್ಣಿಟ್ಟ, ಫೋಕಸ್ ಸರಿಮಾಡಿದ, ಫಿಲ್ಟರ್ ತಿರುಗಿಸಿ ಹಾಕಿದ. ಕೇಬಲ್ಲಿನ ಗುಂಡಿ ಒತ್ತುವ ಮೊದಲು ಎಡಗೈ ತಾನಾಗಿಯೇ ಹೆಗಲ ಮೇಲಿನ ಟವೆಲ್ಲಿಗೆ ಹೋಯಿತು. ಟವೆಲ್ ಮಡಿಸಿ ಕಿಂಡಿಯ ಮೇಲೆ ಹೊದಿಸಿದ.

“ಈಗೇನು ಮಾಡಿದಿರಿ?”

“ಏನು ಮಾಡಿದೆ? ಮುಚ್ಚಿದೆ. ಮುಚ್ಚದಿದ್ದರೆ ಹಿಂದಿನ ಬೆಳಕು ಬಂದು...” ಅವನ ಮಾತು ಅಲ್ಲಿಗೇ ನಿಂತಿತು.

ನಾನು ಫೋಟೋವನ್ನು ಅವನ ಮುಖದ ಮುಂದೆ ಹಿಡಿದು ಮೂಲೆಯ ಪಟ್ಟೆಯ ಮೇಲೆ ಬೆರಳಿಟ್ಟೆ.

“ಅವತ್ತು ಮರೆತಿರಬಹುದು” ಎಂದ. ದನಿಗೆ ಜೀವವಿರಲಿಲ್ಲ.

“ನೀವು ಮೂರು ವರ್ಷದಿಂದ ಕಳಿಸಿದ ಫೋಟೋಗಳನ್ನೆಲ್ಲ ತೆಗೆದು ನೋಡಿದ್ದೀನಿ. ಒಂದರಲ್ಲೂ ಪಟ್ಟೆ ಇಲ್ಲ. ನಿಮ್ಮ ಕೈ ಮರೆಯೋ ಕೈಯಲ್ಲ, ಈಗ ತಾನೇ ನೋಡಿದೆ.”

“ಮೇಡಂ ಗಾರು, ನನಗೆ ವ್ಯಾಪಾರದ ಹೊತ್ತು.”

“ನಾಳೆ ಬೆಳಗ್ಗೆ ಪೊಲೀಸರು ಬರ್ತಾರೆ. ನೀವು ಕೊಂದಿರಿ ಅಂತ ಅವರು ತೀರ್ಮಾನ ಮಾಡಿಯಾಗಿದೆ. ನಾನು ಹಾಗಂದುಕೊಂಡಿಲ್ಲ. ಒಂದೇ ಒಂದು ಮಾತು ಕೇಳ್ತೀನಿ, ಆ ಕಾರಲ್ಲಿ ಕೂತಿರೋ ಹುಡುಗಿಗೋಸ್ಕರ ಕೇಳ್ತೀನಿ. ಅವಳ ಅಪ್ಪ ಬದುಕಿದ್ದಾರಾ?”

ಅವನು ಕಾರಿನ ಕಡೆ ನೋಡಿದ. ಸಿಂಧೂರ ಗಾಜಿಗೆ ಹಣೆಯಾನಿಸಿ ನಮ್ಮನ್ನೇ ನೋಡುತ್ತಿದ್ದಳು. ಜಗನ್ಮೋಹನ್ ಟವೆಲ್ ತೆಗೆದುಕೊಂಡು ಮುಖ ಒರೆಸಿದ.

“ಮೇಲಿದಾನಮ್ಮಾ” ಎಂದ. “ಸೈಲೆನ್ಸರ್ ಇಡೋ ರೂಮಿನಲ್ಲಿ. ಒಂದೇ ಲುಂಗಿ ಸುತ್ತಿಕೊಂಡು ಕೂತಿದಾನೆ. ಮನೆಗೆ ಹೋಗು ಅಂದರೆ ಹೋಗಲ್ಲ, ಫೋನು ಮಾಡು ಅಂದರೆ ಮಾಡಲ್ಲ. ನನ್ನ ಹೆಂಡತಿ ಮಾಡಿದ ಸಾಂಬಾರಿಗೆ ಉಪ್ಪು ಸಾಲದು ಅಂತ ಮಾತ್ರ ದಿನಾ ಹೇಳ್ತಾನೆ.”

ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕೂತುಬಿಟ್ಟೆ. ಉಪ್ಪಿನ ಮಾತು ಬಂತಲ್ಲ, ಇನ್ನು ಅನುಮಾನವೇ ಇರಲಿಲ್ಲ. ಅದು ಶಿವಲಿಂಗಪ್ಪನವರೇ. ನಗು ಬಂತು, ಅದರ ಹಿಂದೆಯೇ ಅಳು ಬಂತು. ಎದೆಯ ಮೇಲಿನ ಚಪ್ಪಡಿ ಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಇಷ್ಟು ದಿನ ಎಷ್ಟು ಭಾರ ಹೊತ್ತಿದ್ದೆನೆಂದು ಆಗಲೇ ಗೊತ್ತಾದದ್ದು.

ಸಿಂಧೂರಳನ್ನು ಕೂಗಿದೆ. ಏನು ಹೇಳಿದೆನೋ ನೆನಪಿಲ್ಲ. ಅವಳು ಕಾರಿನ ಬಾಗಿಲು ಹಾಕದೆಯೇ ಓಡಿ ಬಂದು ಕಬ್ಬಿಣದ ಮೆಟ್ಟಿಲು ಹತ್ತಿಬಿಟ್ಟಳು.

ನಾನು ಮೇಲೆ ಹೋಗುವ ಹೊತ್ತಿಗೆ ಅಪ್ಪನ ಎದೆಗೆ ಎರಡೂ ಕೈಯಿಂದ ಗುದ್ದುತ್ತಿದ್ದಳು. ಮನೆಯಲ್ಲಿ ಮಾತ್ರ ಕನ್ನಡ ಕೇಳಿ ಬೆಳೆದ ಹುಡುಗಿ, ಸಿಟ್ಟು ಬಂದರೆ ಕನ್ನಡ ತೆಲುಗು ಎರಡೂ ಕಲಸಿಹೋಗಿ ಅಪ್ಪ ‘ನಾನ್ನ’ ಆಗುತ್ತಾರೆ.

“ಬುದ್ಧಿ ಉಂದಾ ನಾನ್ನ ನಿಮಗೆ? ನಾನು ಎಲ್ಲ ಮಾಡಿದೆ. ಸ್ನಾನ ಮಾಡಿಸಿದೆ, ಲಿಂಗ ಕಟ್ಟಿದೆ, ಕೂರಿಸಿದೆ. ಎಲ್ಲ ಒಬ್ಬಳೇ ಮಾಡಿದೆ ನಾನ್ನ.”

“ತಪ್ಪಾತು ಯವ್ವಾ, ತಪ್ಪಾತು” ಎನ್ನುತ್ತಾ ಶಿವಲಿಂಗಪ್ಪನವರು ಅವಳ ತಲೆ ಸವರುತ್ತಿದ್ದರು. ಗಡ್ಡ ಬೆಳೆದಿತ್ತು, ಸ್ವಲ್ಪ ಇಳಿದಿದ್ದರು. ಕೊರಳಲ್ಲಿ ಲಿಂಗದ ಬೆಳ್ಳಿಯ ಕರಡಿಗೆ ಇದ್ದ ಹಾಗೇ ಇತ್ತು. ಅವತ್ತು ಹೆಣದ ಕೊರಳಲ್ಲಿ ಲಿಂಗವಿಲ್ಲದ್ದನ್ನು ನೋಡಿ, ನೀರು ಕಿತ್ತುಕೊಂಡು ಹೋಗಿರಬೇಕೆಂದು ಎಲ್ಲರಿಗೂ ಸಮಾಧಾನ ಹೇಳಿದವಳು ನಾನು. ನಾಲ್ಕು ದಿನ ನೀರಲ್ಲಿದ್ದ ದೇಹ, ಮುಖ ಗುರುತು ಸಿಗುವ ಹಾಗಿರಲಿಲ್ಲ. ಮೈಮೇಲೆ ಶಿವಲಿಂಗಪ್ಪನವರ ಹಸಿರು ಜಾಕೆಟ್ಟಿತ್ತು, ಜೇಬಿನಲ್ಲಿ ಅವರ ಮನೆಯ ಬೀಗದ ಕೈ ಇತ್ತು. ನಮಗೆ ಅಷ್ಟೇ ಸಾಕಾಗಿತ್ತು.

ಹಿಂದೆಯೇ ರಚನಾ ಹತ್ತಿ ಬಂದಳು. ಬಾಗಿಲಲ್ಲೇ ನಿಂತು ಕಣ್ಣು ಒರೆಸಿಕೊಂಡು ನಕ್ಕಳು.

“ಅಂಕಲ್, ನಿಮ್ಮ ಗುಂಡಿಗೆ ನಾನೂ ಒಂದು ಹಿಡಿ ಮಣ್ಣು ಹಾಕಿದೀನಿ. ಈಗ ಅದನ್ನ ವಾಪಸ್ ಕೊಡಿ.”

ಶಿವಲಿಂಗಪ್ಪನವರು ನಗಲಿಲ್ಲ. ಮಗಳ ತಲೆಯ ಮೇಲಿದ್ದ ಕೈ ಹಾಗೇ ನಿಂತಿತು. ಅಳುವ ಮಗಳನ್ನು ಬಿಟ್ಟು ಅವರು ಗೋಡೆ ನೋಡತೊಡಗಿದ್ದು ನನಗೆ ವಿಚಿತ್ರವೆನಿಸಿತು. ಆದರೆ ಆ ಗಲಾಟೆಯಲ್ಲಿ, ನಾಚಿಕೆ ಇರಬೇಕು ಅಂದುಕೊಂಡೆ.

ಜಗನ್ಮೋಹನ್ ಟೀ ತರಿಸಿದ. ಅವನು ಕಳಿಸಿದ ಫೋಟೋದ ವಿಷಯ ನಾನೇ ಬಾಯಿಬಿಟ್ಟೆ. ಶಿವಲಿಂಗಪ್ಪನವರಿಗೆ ಒಮ್ಮೆಲೇ ಹಳೆಯ ಜೀವ ಬಂತು.

“ಏನು? ನನ್ ಫೋಟೋ ನಿನ್ ಹೆಸರಲ್ಲಿ ಕಳಿಸೀಯಾ?”

“ನೀನು ಸತ್ತಿದ್ದೆಯಲ್ಲಪ್ಪಾ” ಎಂದ ಜಗನ್ಮೋಹನ್. “ಸತ್ತವರ ಹೆಸರಲ್ಲಿ ಸ್ಪರ್ಧೆಗೆ ತಗೊಳಲ್ಲ.”

ಸಿಂಧೂರ ಅಳುತ್ತಲೇ ನಕ್ಕಳು. ಬೆಳಗ್ಗೆಯಿಂದ ಒಂದು ಗುಟುಕು ನೀರೂ ಕುಡಿಯದ ಹುಡುಗಿ ಎರಡು ಲೋಟ ಟೀ ಕುಡಿದಳು. ದಾವಣಗೆರೆಯ ಅತ್ತೆಗೆ ಮೊದಲು ತಿಳಿಸಬೇಕು ಎಂದು ಫೋನು ಹಿಡಿದು ತಾರಸಿಗೆ ಹೋದಳು. ರಚನಾ, “ಬುತ್ತಿಯಲ್ಲಿ ಚಿತ್ರಾನ್ನ ಇದೆ ವೇದಕ್ಕ, ಉಪ್ಪು ಸರಿಯಾಗಿದೆ, ಅಂಕಲ್‌ಗೆ ಕೊಡೋಣ” ಎಂದು ಕಾರಿಗಿಳಿದಳು. ಜಗನ್ಮೋಹನ್‌ಗೆ ಗಿರಾಕಿ ಬಂದ.

ಕೋಣೆಯಲ್ಲಿ ನಾವಿಬ್ಬರೇ ಉಳಿದೆವು. ಸಂತೋಷ ಇನ್ನೂ ಮೈತುಂಬ ಇತ್ತು. ಆದರೂ ಕೇಳಬೇಕಾದದ್ದನ್ನು ಕೇಳಲೇಬೇಕಿತ್ತು.

“ಈಗ ಹೇಳಿ ಶಿವಲಿಂಗಪ್ಪನವರೇ. ಮಗಳಿಗೊಂದು ಫೋನು ಮಾಡೋಕೂ ಆಗದಷ್ಟು ಏನಾಗಿತ್ತು?”

“ಫೋನು ಅವತ್ತೇ ನೀರಿಗೆ ಬಿತ್ರೀ. ಮಗಳ ಮ್ಯಾಲೆ ಮುನಿಸ್ಕೊಂಡು ಮನೆಯಿಂದ ಬಂದಿದ್ದೆ, ಅವಳೇ ಹುಡುಕ್ಲಿ ಅಂತ ಸುಮ್ನಾದೆ. ಜಗನ್ ಜೀಪು ತಂದಿದ್ದ. ಯಾವ ಜಲಪಾತಕ್ಕೆ ಮೊದಲು ಹೋಗೋದು ಅಂತ ಟೀ ಅಂಗಡೀಲಿ ಜಗಳ ಆಡಿದ್ವಿ, ಆಮ್ಯಾಲೆ ಒಡಿಶಾ ಕಡೆ ಗುಡ್ಡ ಹತ್ತಿದ್ವಿ. ಅಲ್ಲಿ ಸಿಗ್ನಲ್ ಎಲ್ಲೈತೆ? ತುಫಾನು ಬೇರೆ ಬಂತು, ದಾರಿ ಕಟ್ಟಾತು. ಹೋದ ವಾರ ಈ ಊರಿಗೆ ಇಳಿದ ಮ್ಯಾಲೆ ನಾನು ಸತ್ತಿದ್ದು ನನಗೆ ಗೊತ್ತಾತು.”

“ಆಗಲಾದರೂ ಬರಬೇಕಾಗಿತ್ತು.”

“ಹೆಂಗ್ ಬರ್ಲಿ?” ಅವರ ದನಿ ಒಡೆಯಿತು. “ನಾನು ಬದುಕೀನಿ ಅಂದ್ರೆ ಎಲ್ಲಾರೂ ಒಂದೇ ಮಾತು ಕೇಳ್ತಾರೆ. ನೀವೂ ಅದನ್ನೇ ಕೇಳ್ಬೇಕು ಅಂತ ಕುಂತೀರಿ.”

ಹೌದು, ಅದನ್ನೇ. “ನಿಮ್ಮ ಜಾಕೆಟ್ ಹಾಕಿಕೊಂಡು ಮಣ್ಣಿಗೆ ಹೋದವನು ಯಾರು?”

ಶಿವಲಿಂಗಪ್ಪನವರು ಮೆಟ್ಟಿಲ ಕಡೆ ನೋಡಿದರು. ಕೆಳಗೆ ಕಾರಿನ ಡಿಕ್ಕಿ ತೆಗೆದ ಸದ್ದು ಕೇಳಿಸಿತು.

“ಆ ಹುಡುಗಿನ ಯಾಕೆ ಕರ್ಕೊಂಡು ಬಂದ್ರಿ ಮೇಡಂ?”

“ಯಾವ ಹುಡುಗಿ? ರಚನಾನಾ?”

“ಎರ್ರಮಾಮಿಡಿಗೆ ನಾನೊಬ್ನೇ ಹೋಗಿರ್ಲಿಲ್ಲ. ಪೃಥ್ವಿ ಬಂದಿದ್ದ ಜೊತೀಲಿ. ಅವಳ ಗಂಡ. ನೀರಿನ ತುಂತುರಿಗೆ ಪೂರಾ ನೆನೆದು ಗಡಗಡ ನಡುಗ್ತಿದ್ದ. ನನ್ ಜಾಕೆಟ್ ಬಿಚ್ಚಿ ಹಾಕಿದೆ. ಜೇಬಲ್ಲಿ ಬೀಗದ ಕೈ ಐತೆ ಅನ್ನೋದೇ ಮರ್ತೆ. ಜಗನ್ ಜೀಪು ಬಂತು, ಬಾರೋ ಅಂದ್ರೆ, ಇನ್ನೊಂದು ಫೋಟೋ ಐತೆ ಅಂಕಲ್, ನೀವು ಹೋಗ್ರಿ ಅಂದ.”

“ಇಲ್ಲ” ಎಂದೆ. “ಪೃಥ್ವಿ ಸೇಲಿಂಗಿನಲ್ಲಿದ್ದಾನೆ. ಹಡಗು ಹೊರಟ ದಿನ ಅವಳೇ ಬ್ಯಾಗು ಕಟ್ಟಿ ಕೊಟ್ಟಿದ್ದಾಳೆ.”

“ಮನೇಲಿ ಸೇಲಿಂಗ್ ಅಂತ ಹೇಳಿದ್ದ. ಹಡಗಿನೋರಿಗೆ ಊರಿಗೆ ರಜ ಹೊಂಟೀನಿ ಅಂತ ಹೇಳಿದ್ದ. ಯಾರಿಗೂ ಹೇಳ್ಬ್ಯಾಡಿ ಅಂಕಲ್ ಅಂದ. ಫೋಟೋ ಹುಚ್ಚಿಗೆ ಹೆಂಡ್ತಿ ಬೈತಾಳೆ ಅಂತ ಹಂಗ್ ಮಾಡ್ಯಾನೆ ಅಂದ್ಕೊಂಡು ನಾನೂ ನಕ್ಕೆ.”

ನೌಕಾಪಡೆಯ ಮನೆಗಳನ್ನು ಇಷ್ಟು ವರ್ಷ ನೋಡಿದ್ದೇನೆ. ಹಡಗು ಸಮುದ್ರದಲ್ಲಿದೆ ಎಂದರೆ ಹೆಂಡತಿಯರು ಫೋನಿಗೆ ಕಾಯುವುದಿಲ್ಲ. ವಾರಗಟ್ಟಲೆ ಸುದ್ದಿಯಿಲ್ಲದಿದ್ದರೂ ಯಾರೂ ಗಾಬರಿಯಾಗುವುದಿಲ್ಲ, ಅದೇ ಅಲ್ಲಿಯ ಬದುಕು. ಮನೆಯವರು ಹಡಗಿನಲ್ಲಿದ್ದಾನೆ ಅಂದುಕೊಂಡರು, ಹಡಗಿನವರು ಮನೆಯಲ್ಲಿದ್ದಾನೆ ಅಂದುಕೊಂಡರು. ನಡುವೆ ಒಬ್ಬ ಮನುಷ್ಯ ಕಾಣೆಯಾದರೆ ಹುಡುಕುವವರೇ ಇಲ್ಲ.

“ಕಾಲು ಜಾರಿದನಾ?”

“ನನಗೇನು ಗೊತ್ತು? ನಾನು ಜೀಪು ಹತ್ತುವಾಗ ಚೆನ್ನಾಗಿದ್ದ. ಆದ್ರೆ ಮೇಡಂ, ಅವನು ಫೋಟೋ ತೆಗೀತಿರ್ಲಿಲ್ಲ. ಕ್ಯಾಮೆರಾ ಬ್ಯಾಗಲ್ಲೇ ಇತ್ತು. ಯಾರಿಗೋ ಕಾಯ್ತಿದ್ದ. ಘಳಿಗೆಗೊಂದ್ಸಲ ದಾರಿ ನೋಡ್ತಿದ್ದ.” ಅವರು ತಲೆ ತಗ್ಗಿಸಿದರು. “ಆ ಹುಡುಗಿ ಮುಖ ನೋಡೋ ಧೈರ್ಯ ಇರ್ಲಿಲ್ಲ ನನಗೆ. ಅದಕ್ಕೇ ಈ ಕತ್ಲೆ ರೂಮಲ್ಲಿ ಕುಂತೆ.”

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ನಾನು ಕಣ್ಸನ್ನೆ ಮಾಡಿದೆ, ಅವರು ಬಾಯಿ ಮುಚ್ಚಿದರು. ಅವಳಿಗೆ ಹೇಗೆ ಹೇಳುವುದು, ಇಲ್ಲೇ ಹೇಳುವುದೋ ಊರಿಗೆ ಹೋಗಿ ಹೇಳುವುದೋ, ದಾರಿಯುದ್ದಕ್ಕೂ ಕಾರು ಓಡಿಸುವವಳು ಅವಳೇ ಅಲ್ಲವೇ ಎಂದೆಲ್ಲ ತಲೆ ಗಿರ್ರೆನ್ನುತ್ತಿತ್ತು.

ರಚನಾ ಒಳಗೆ ಬಂದಳು. ಒಂದು ಕೈಯಲ್ಲಿ ಬುತ್ತಿ, ಇನ್ನೊಂದರಲ್ಲಿ ಫೋನು. ಅಷ್ಟು ಅರಳಿದ ಅವಳ ಮುಖವನ್ನು ನಾನು ಈಚೆಗೆ ನೋಡಿರಲಿಲ್ಲ.

“ವೇದಕ್ಕ, ಇವತ್ತು ಎಲ್ಲ ಒಳ್ಳೇದೇ ಆಗ್ತಿದೆ. ಅಂಕಲ್ ಸಿಕ್ಕಿದ್ರು ಅಂತ ನಮ್ಮನೆಯವ್ರಿಗೆ ಮೆಸೇಜ್ ಹಾಕಿದೆ, ಹಡಗಲ್ಲಿ ಯಾವಾಗ ನೋಡ್ತಾರೋ ನೋಡ್ಲಿ ಅಂತ. ತಕ್ಷಣ ಉತ್ತರ ಬಂತು.”

ಶಿವಲಿಂಗಪ್ಪನವರು ನನ್ನ ಕೈ ಹಿಡಿದುಕೊಂಡರು.

“ಯಾರಿಂದ ಉತ್ತರ ಬಂತು?” ಎಂದೆ.

“ಇನ್ಯಾರಿಂದ, ಪೃಥ್ವಿಯಿಂದ. ಅವರದೇ ನಂಬರು” ಎನ್ನುತ್ತಾ ಅವಳು ಬುತ್ತಿಯ ಮುಚ್ಚಳ ತೆಗೆದಳು. “ಅಂಕಲ್ ಎಲ್ಲಿದ್ದಾರೆ, ಜೊತೇಲಿ ಯಾರ್ಯಾರಿದ್ದಾರೆ ಅಂತ ಕೇಳಿದ್ರು. ಲೊಕೇಶನ್ ಕಳಿಸಿದೆ. ಹಡಗು ಬೇಗ ವಾಪಸ್ ಬಂತು, ನಾನೂ ವಿಜಯವಾಡದಲ್ಲೇ ಇದೀನಿ, ಈಗಲೇ ಬರ್ತೀನಿ, ಅವರನ್ನ ಎಲ್ಲಿಗೂ ಬಿಡಬೇಡ ಅಂದಿದಾರೆ.”